ಷೇರೋ, ಬಾಂಡೋ, ಠೇವಣಿಯೋ: ದೊಡ್ಡ ಉದ್ಯಮ ಸಮೂಹಕ್ಕೆ ಅಡಿಕೆ ದುಡ್ಡು ಹಾಕುವ ಮುನ್ನ

ರಾಶಿ ಇಡಿ ಅಡಿಕೆ ಮಂಡಿಗೆ ಹೋಗಿ, ದುಡ್ಡು ಖಾತೆಗೆ ಬಂದು ಬಿದ್ದ ಮೇಲೆ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. 'ಅದಾನಿಯವರ ಬಾಂಡಿಗೆ ಒಂಬತ್ತು ಚಿಲ್ಲರೆ ಪರ್ಸೆಂಟಂತೆ, ಹಾಕಬಹುದಾ?' 'ಬಿರ್ಲಾದವರ ಫೈನಾನ್ಸ್ ಪತ್ರ ಬ್ಯಾಂಕಿಗಿಂತ ಒಂದು ಪರ್ಸೆಂಟ್ ಜಾಸ್ತಿ ಕೊಡತ್ತೆ, ಸೇಫಾ?' 'ಇದೆಲ್ಲ ಯಾಕೆ, ರಿಲಯನ್ಸ್ ಷೇರೇ ತಗೊಂಡು ಕೂತ್ರೆ ಆಗಲ್ವಾ?'

ಮೂರೂ ಪ್ರಶ್ನೆ ಹಲವು ಉದ್ದಿಮೆಗಳನ್ನು ಒಂದೇ ಹೆಸರಿನಡಿ ನಡೆಸುವ ಸಮೂಹಗಳ ಬಗ್ಗೆ. ಹೆಸರು ದೊಡ್ಡದು ಅನ್ನುವ ಧೈರ್ಯವೊಂದೇ ಮೂರಕ್ಕೂ ಆಧಾರ. ಆದರೆ ಕೈಗೆ ಬರುವ ಕಾಗದ ಮೂರರಲ್ಲೂ ಬೇರೆ ಬೇರೆ. ಷೇರು ಅಂದರೆ ಕಂಪನಿಯಲ್ಲಿ ಪಾಲು; ಬಾಂಡ್, ಸಾಲಪತ್ರ ಅಂದರೆ ಕಂಪನಿಗೆ ನೀವು ಕೊಟ್ಟ ಸಾಲ.

ಮೊದಲು ಅಳತೆಗೋಲು

ಬಡ್ಡಿ ದರವನ್ನು ಕೊನೆಗೆ ನೋಡಿ. ಅದಕ್ಕೂ ಮುಂಚೆ ಉತ್ತರ ಸಿಗಬೇಕಾದ ಐದು ಪ್ರಶ್ನೆಗಳಿವೆ.

ದುಡ್ಡು ಯಾವ ತಿಂಗಳಲ್ಲಿ ವಾಪಸ್ ಬೇಕು? ತೋಟದವರಿಗೆ ಇದು ವರ್ಷದ ಲೆಕ್ಕವಲ್ಲ, ತಿಂಗಳ ಲೆಕ್ಕ. ಮಳೆಗಾಲ ಹಿಡಿಯುವ ಹೊತ್ತಿಗೆ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ. ನಲವತ್ತು-ನಲವತ್ತೈದು ದಿನಕ್ಕೆ ಎರಡನೇ ಸುತ್ತು. ಮಳೆ ಕಳೆದ ಮೇಲೆ ಗೊಬ್ಬರ. ಆಮೇಲೆ ಗೊನೆ ಕೊಯ್ಲು, ಸುಲಿಯುವ ಕೂಲಿ. ಈ ಖರ್ಚಿನ ದುಡ್ಡನ್ನು ಐದು ವರ್ಷದ ಪತ್ರಕ್ಕೆ ಹಾಕಿದವರು ಜುಲೈನಲ್ಲಿ ಕೈಸಾಲ ಕೇಳಬೇಕಾಗುತ್ತದೆ.

ರುಜು ಹಾಕುವ ಕಂಪನಿ ಯಾವುದು? ಸಮೂಹವಲ್ಲ, ಕಂಪನಿ.

ಅದು ಮುಳುಗಿದರೆ ನೀವು ಸಾಲಿನಲ್ಲಿ ಎಷ್ಟನೆಯವರು? ನಡುವೆ ಮಾರಬೇಕಾಗಿ ಬಂದರೆ ಕೊಳ್ಳುವವರು ಇದ್ದಾರಾ? ತೆರಿಗೆ ಕಳೆದು ಕೈಗೆ ಉಳಿಯುವುದೆಷ್ಟು?

ಇವಕ್ಕೆ ನಾವು ಇನ್ನೊಂದನ್ನು ಸೇರಿಸುತ್ತೇವೆ: ಮನೆಯ ಆದಾಯ ಈಗಾಗಲೇ ಎಷ್ಟು ಏರಿಳಿತದ್ದು? ಅಡಿಕೆ ತೋಟವೆಂದರೆ ಷೇರಿದ್ದ ಹಾಗೆಯೇ. ಧಾರಣೆ ಮಂಡಿಯ ಕೈಯಲ್ಲಿ, ಬೆಳೆ ಮಳೆಯ ಕೈಯಲ್ಲಿ, ಜೊತೆಗೆ ಕೊಳೆ ಮತ್ತು ಎಲೆಚುಕ್ಕೆ ರೋಗ. ಮುಕ್ಕಾಲು ಪಾಲು ಆದಾಯ ಇಂಥದ್ದರಿಂದ ಬರುವವರು ಉಳಿದ ಕಾಲು ಭಾಗವನ್ನೂ ಏರಿಳಿಯುವುದಕ್ಕೇ ಕಟ್ಟಬೇಕಾಗಿಲ್ಲ. ಹಾಗಾಗಿ ತೋಟದವರಿಗೆ ಬಾಂಡ್ ಮೊದಲು, ಷೇರು ಆಮೇಲೆ. ತಿಂಗಳಿಗೆ ಸಂಬಳ ಎಣಿಸುವವರಿಗೆ ಇದೇ ಮಾತು ತಿರುಗಾಮುರುಗ.

ಹೆಸರು ಮನೆತನದ್ದು, ಸಾಲ ಒಬ್ಬನದ್ದು

ಪಾಲಾದ ಅಣ್ಣತಮ್ಮಂದಿರ ಮನೆಗಳನ್ನು ನೆನಪಿಸಿಕೊಳ್ಳಿ. ಊರಿನವರಿಗೆ ಇಬ್ಬರೂ ಒಂದೇ ಮನೆತನದವರು. ಆದರೆ ತಮ್ಮನಿಗೆ ಕೊಟ್ಟ ಸಾಲವನ್ನು ಅಣ್ಣನ ಅಂಗಳಕ್ಕೆ ಹೋಗಿ ಕೇಳಲು ಬರುವುದಿಲ್ಲ, ಅಣ್ಣ ಜಾಮೀನು ಹಾಕಿದ್ದರೆ ಹೊರತು. ಉದ್ಯಮ ಸಮೂಹದಲ್ಲೂ ಕಾನೂನು ಇಷ್ಟೇ.

ರಿಲಯನ್ಸ್ 2005ರಲ್ಲಿ ನಿಜವಾಗಿಯೇ ಪಾಲಾಯಿತು. ಅಣ್ಣ ಮುಕೇಶ್ ಅಂಬಾನಿ ಅವರ ರಿಲಯನ್ಸ್ ಇಂಡಸ್ಟ್ರೀಸ್ 2023ರ ನವೆಂಬರ್‌ನಲ್ಲಿ ₹20,000 ಕೋಟಿಯನ್ನು ಹತ್ತು ವರ್ಷಕ್ಕೆ ಶೇ 7.79ರ ಬಡ್ಡಿಗೆ ಎತ್ತಿತು. ತಮ್ಮ ಅನಿಲ್ ಅವರ ಪಾಲಿಗೆ ಬಂದ ರಿಲಯನ್ಸ್ ಕ್ಯಾಪಿಟಲ್‌ನ ಆಡಳಿತ ಮಂಡಳಿಯನ್ನು 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಬದಿಗೆ ಸರಿಸಿತು. ದಿವಾಳಿ ಪ್ರಕ್ರಿಯೆ ಮುಗಿದು ಕಂಪನಿ ಹಿಂದೂಜಾ ಸಮೂಹಕ್ಕೆ ಹೋದಾಗ ಹಳೆಯ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ, ಸಾಲ ಕೊಟ್ಟವರಿಗೆ ಒಂದು ಭಾಗ ಮಾತ್ರ. ಎರಡೂ ಕಾಗದದ ಮೇಲೆ ಇದ್ದ ಮೊದಲ ಪದ ಒಂದೇ.

'ಟಾಟಾ ಷೇರು' ಅನ್ನುವ ಷೇರೇ ಇಲ್ಲ ಅನ್ನುವುದೂ ಹಲವರಿಗೆ ಗೊತ್ತಿರುವುದಿಲ್ಲ. ಸಮೂಹದ ಮೇಲಿರುವ ಟಾಟಾ ಸನ್ಸ್ ಷೇರುಪೇಟೆಯಲ್ಲಿಲ್ಲ; ಅದರ ಸುಮಾರು ಶೇ 66ರಷ್ಟು ಪಾಲು ಟಾಟಾ ದತ್ತಿ ಟ್ರಸ್ಟ್‌ಗಳ ಕೈಯಲ್ಲಿದೆ. ನೀವು ಕೊಳ್ಳುವುದು ಟಾಟಾ ಸ್ಟೀಲ್, ಟಾಟಾ ಪವರ್, ಟೈಟಾನ್ ಹೀಗೆ ಬಿಡಿ ಬಿಡಿ ಕಂಪನಿ. ಎಲ್ ಆ್ಯಂಡ್ ಟಿ, ಐಟಿಸಿಗಳಿಗಾದರೆ ಪ್ರವರ್ತಕರೇ, ಅಂದರೆ ಕಂಪನಿಯ ಹಿಡಿತ ಕೈಯಲ್ಲಿಟ್ಟುಕೊಂಡ ಒಡೆಯರೇ, ಇಲ್ಲ. ಇಲ್ಲಿ 'ಯಜಮಾನರು ನೋಡಿಕೊಳ್ಳುತ್ತಾರೆ' ಅನ್ನುವ ಮಾತಿಗೆ ಅರ್ಥವಿಲ್ಲ.

ದೊಡ್ಡವರು ಹಿಂದೆ ನಿಂತಿದ್ದಾರೆ ಅನ್ನುವ ನಂಬಿಕೆ ಎಷ್ಟು ದೂರ ಬರುತ್ತದೆ ಅನ್ನುವುದನ್ನು ರಸ್ತೆ, ವಿದ್ಯುತ್‌ನಂಥ ಮೂಲಸೌಕರ್ಯಕ್ಕೆ ದುಡ್ಡು ಹಾಕುತ್ತಿದ್ದ ಐಎಲ್ ಆ್ಯಂಡ್ ಎಫ್‌ಎಸ್ 2018ರಲ್ಲಿ ತೋರಿಸಿಕೊಟ್ಟಿತು. ಎಲ್‌ಐಸಿ, ಸ್ಟೇಟ್ ಬ್ಯಾಂಕ್ ಎರಡೂ ಅದರ ಷೇರುದಾರರು. 300ಕ್ಕೂ ಹೆಚ್ಚು ಅಂಗಸಂಸ್ಥೆಗಳು, ₹90,000 ಕೋಟಿ ಮೀರಿದ ಸಾಲ. ಆಗಸ್ಟ್ ಶುರುವಿನಲ್ಲಿ ಅತ್ಯುನ್ನತವಾದ ಎಎಎ ರೇಟಿಂಗ್ (ಸಾಲ ತೀರಿಸುವ ಶಕ್ತಿಗೆ ರೇಟಿಂಗ್ ಸಂಸ್ಥೆ ಕೊಡುವ ದರ್ಜೆ). ಸೆಪ್ಟೆಂಬರ್ ಮುಗಿಯುವುದರೊಳಗೆ ಡಿ, ಅಂದರೆ ಸುಸ್ತಿ. ರೇಟಿಂಗ್ ನೋಡಬೇಡಿ ಎಂದಲ್ಲ. ರೇಟಿಂಗ್ ನೋಡಿದ ಮೇಲೂ ಒಂದೇ ಕಂಪನಿಗೆ ಇದ್ದಬದ್ದದ್ದೆಲ್ಲ ಸುರಿಯಬೇಡಿ.

ಮಾತೃ ಕಂಪನಿಯ ಷೇರು

ನಮಗೆ ಹತ್ತಿರದ ಉದಾಹರಣೆ ಗ್ರಾಸಿಮ್. ತುಂಗಭದ್ರೆಯ ದಂಡೆಯಲ್ಲಿ, ಹರಿಹರದ ಪಕ್ಕದ ಕುಮಾರಪಟ್ಟಣಂನಲ್ಲಿ ಅದರ ಕಾರ್ಖಾನೆ ಇದೆ. ಆದರೆ ಗ್ರಾಸಿಮ್ ಷೇರು ಕೊಂಡವರು ಬರೀ ನೂಲು-ನಾರಿನ ಉದ್ದಿಮೆ ಕೊಂಡಂತಲ್ಲ. ಅಲ್ಟ್ರಾಟೆಕ್ ಸಿಮೆಂಟಿನ ಅರ್ಧಕ್ಕೂ ಹೆಚ್ಚು ಪಾಲು, ಆದಿತ್ಯ ಬಿರ್ಲಾ ಕ್ಯಾಪಿಟಲ್‌ನ ಅರ್ಧಕ್ಕೂ ಹೆಚ್ಚು ಪಾಲು, ಜೊತೆಗೆ ₹10,000 ಕೋಟಿಯ ಯೋಜನೆಯೊಂದಿಗೆ 2024ರ ಫೆಬ್ರುವರಿಯಲ್ಲಿ ಪೇಟೆಗೆ ಬಂದ ಬಿರ್ಲಾ ಓಪಸ್ ಬಣ್ಣ, ಎಲ್ಲವೂ ಒಂದೇ ಷೇರಿನ ಹೊಟ್ಟೆಯಲ್ಲಿ.

ಹೀಗೆ ತುಂಬಿದ ಷೇರು ಪೇಟೆಯಲ್ಲಿ ಅಗ್ಗವಾಗಿ ಕಾಣುತ್ತದೆ. ಲೆಕ್ಕ ಹೀಗೆ. ಒಂದು ಮಾತೃ ಕಂಪನಿಗೆ ₹1,000 ಕೋಟಿ ಬೆಲೆಯ ಸಿಮೆಂಟ್ ಕಂಪನಿಯಲ್ಲಿ ಶೇ 60, ₹400 ಕೋಟಿಯ ಫೈನಾನ್ಸ್ ಕಂಪನಿಯಲ್ಲಿ ಶೇ 50 ಪಾಲಿದೆ ಅನ್ನಿ. ಅದು ₹600 ಕೋಟಿ ಮತ್ತು ₹200 ಕೋಟಿ. ಸ್ವಂತ ಉದ್ದಿಮೆ ₹300 ಕೋಟಿಯದು, ಸ್ವಂತ ಸಾಲ ₹100 ಕೋಟಿ. ಒಟ್ಟು ₹1,000 ಕೋಟಿ ಆಗಬೇಕು. ಪೇಟೆ ₹600 ಕೋಟಿಗೇ ನಿಲ್ಲಿಸಬಹುದು. 'ನಲವತ್ತು ಪರ್ಸೆಂಟ್ ಸೋಡಿಯಲ್ಲಿ ಸಿಗ್ತಾ ಇದೆ' ಎಂದು ಇದನ್ನು ಹೊಗಳುವವರಿದ್ದಾರೆ. ಆದರೆ ಆ ಪಾಲುಗಳನ್ನು ಪ್ರವರ್ತಕರು ಮಾರುವ ಸಂಭವ ಕಡಿಮೆ, ಸಿಮೆಂಟಿನ ಲಾಭ ನಿಮ್ಮ ಕೈಗೆ ಬರಲು ಎರಡು ಬಾಗಿಲು ದಾಟಬೇಕು, ಮತ್ತು ಆ ಲಾಭ ನಾಳೆ ಯಾವ ಹೊಸ ಉದ್ದಿಮೆಗೆ ಹೋಗುತ್ತದೋ ನಿಮ್ಮ ಮಾತು ಅಲ್ಲಿ ನಡೆಯುವುದಿಲ್ಲ. ಸೋಡಿ ಹತ್ತು ವರ್ಷ ಹಾಗೆಯೇ ಉಳಿಯಬಹುದು. ಸೋಡಿಗಾಗಿಯೇ ಷೇರು ಕೊಳ್ಳಬೇಡಿ. ಒಳಗಿರುವ ಉದ್ದಿಮೆಗಳು ಬೇಕಿದ್ದರೆ ಕೊಳ್ಳಿ.

ಸೋಡಿ ಕರಗುವುದು ಹೆಚ್ಚಾಗಿ ಒಂದು ಉದ್ದಿಮೆಯನ್ನು ಹಿಸ್ಸೆ ಮಾಡಿ ಬೇರೆ ಕಂಪನಿ ಮಾಡಿದಾಗ. 2023ರ ಜುಲೈನಲ್ಲಿ ರಿಲಯನ್ಸ್ ಷೇರು ಇದ್ದವರಿಗೆ ಒಂದಕ್ಕೊಂದರಂತೆ ಜಿಯೊ ಫೈನಾನ್ಷಿಯಲ್ ಷೇರು ಬಂತು. 2025ರ ಜನವರಿಯಲ್ಲಿ ಹತ್ತು ಐಟಿಸಿ ಷೇರಿಗೆ ಒಂದು ಐಟಿಸಿ ಹೋಟೆಲ್ಸ್. ಬಿಟ್ಟಿ ಬಂತೆಂದು ಕೆಲವರು ಅದನ್ನು ಮಾರಿ, ಪೂರ್ತಿ ಲಾಭವೆಂದು ತೆರಿಗೆ ಕಟ್ಟುತ್ತಾರೆ. ಹಾಗಲ್ಲ. ಹಳೆಯ ಷೇರಿಗೆ ಕೊಟ್ಟ ಬೆಲೆಯೇ ಎರಡು ಪಾಲಾಗುತ್ತದೆ. ರಿಲಯನ್ಸ್ ವಿಷಯದಲ್ಲಿ ನೂರು ರೂಪಾಯಿ ಅಸಲಿನಲ್ಲಿ ₹95.32 ರಿಲಯನ್ಸಿನದು, ₹4.68 ಜಿಯೊ ಫೈನಾನ್ಷಿಯಲ್‌ದು. ಈ ಅನುಪಾತವನ್ನು ಕಂಪನಿಯೇ ಪ್ರಕಟಿಸುತ್ತದೆ.

ಇನ್ನೊಂದು ಎಡವುವ ಜಾಗ ಹಕ್ಕಿನ ಷೇರು, ಅಂದರೆ ಈಗಾಗಲೇ ಷೇರು ಇರುವವರಿಗೆ ಕಂಪನಿ ಮಾರುವ ಹೊಸ ಷೇರು. ರಿಲಯನ್ಸ್ 2020ರಲ್ಲಿ ಹದಿನೈದಕ್ಕೆ ಒಂದರಂತೆ ₹1,257ಕ್ಕೆ ಕೊಟ್ಟಾಗ ಅರ್ಜಿಯ ಜೊತೆ ಕಟ್ಟಬೇಕಿದ್ದದ್ದು ಕಾಲು ಭಾಗ. ಮಿಕ್ಕಿದ್ದು 2021ರ ಮೇ ಮತ್ತು ನವೆಂಬರ್‌ನಲ್ಲಿ. ಇಂಥ ಷೇರುಗಳಲ್ಲಿ ಕಂತಿನ ಪತ್ರ ಹಳೆಯ ಇ-ಮೇಲ್ ವಿಳಾಸಕ್ಕೆ ಹೋಗಿ, ಕಂತು ತಪ್ಪಿ, ಕಟ್ಟಿದ್ದೂ ಜಪ್ತಿಯಾಗುವ ಅಪಾಯವಿದೆ. ಹಕ್ಕು ಬೇಡವಾದರೆ ಸುಮ್ಮನಿರಬೇಡಿ. ಷೇರು, ಪತ್ರ ಇಡುವ ಡಿಮ್ಯಾಟ್ ಖಾತೆಗೆ ಬರುವ ಹಕ್ಕಿನ ಪತ್ರವನ್ನು ಗಡುವಿನೊಳಗೆ ಪೇಟೆಯಲ್ಲಿ ಮಾರಬಹುದು. ಗಡುವು ದಾಟಿದರೆ ಅದರ ಬೆಲೆ ಸೊನ್ನೆ.

ಕೈಗೆ ಬರುವ ವರಮಾನ ಎಷ್ಟು? 2024-25ಕ್ಕೆ ರಿಲಯನ್ಸ್ ಕೊಟ್ಟ ಲಾಭಾಂಶ ಷೇರಿಗೆ ₹5.50. ಷೇರು ₹1,400ರಲ್ಲಿದ್ದಾಗ ₹10 ಲಕ್ಷ ಹಾಕಿದವರಿಗೆ ಅದು ಸುಮಾರು ₹3,900. ಅದೇ ವರ್ಷ ಐಟಿಸಿ ಕೊಟ್ಟದ್ದು ₹14.35, ₹400ಕ್ಕೆ ಕೊಂಡವರಿಗೆ ಹತ್ತು ಲಕ್ಷಕ್ಕೆ ಸುಮಾರು ₹35,900. ಶೇ 9.30ರ ಪತ್ರವಾದರೆ ₹93,000. ಷೇರಿನವರು ಬೆಲೆ ಏರುತ್ತದೆಂದು ಕಾಯಬೇಕು. ಏಳು ವರ್ಷಕ್ಕಿಂತ ಕಡಿಮೆ ಕಾಯುವವರು ಈ ದಾರಿಗೆ ಬರದಿರುವುದೇ ಮೇಲು.

ಒಂದೇ ಉದ್ದಿಮೆಯ ಅಂಗಸಂಸ್ಥೆಯ ಷೇರನ್ನು ನೇರವಾಗಿ ಕೊಂಡರೆ ಈ ಗೋಜಲು ಕಡಿಮೆ. ಸಿಮೆಂಟ್ ಬೇಕಾದವರು ಸಿಮೆಂಟನ್ನೇ ಕೊಳ್ಳಲಿ. ಸೋಡಿ ಸಿಗುವುದಿಲ್ಲ, ಜೊತೆಗೆ ಬಣ್ಣವೂ ಬರುವುದಿಲ್ಲ.

ಷೇರು ಯಾವುದೇ ಇರಲಿ, ಎಕ್ಸ್‌ಚೇಂಜ್ ಜಾಲತಾಣದಲ್ಲಿ ತ್ರೈಮಾಸಿಕ ಮುಗಿದು 21 ದಿನದೊಳಗೆ ಬರುವ ಷೇರುದಾರಿಕೆ ಪಟ್ಟಿ ತೆರೆದು, ಪ್ರವರ್ತಕರ ಸಾಲಿನಲ್ಲಿ 'ಒತ್ತೆ' ಅನ್ನುವ ಕಲಂ ನೋಡಿ. ಪ್ರವರ್ತಕರು ತಮ್ಮ ಷೇರನ್ನು ಅಡವಿಟ್ಟು ಸಾಲ ಎತ್ತಿದ್ದರೆ, ಬೆಲೆ ಬಿದ್ದಾಗ ಸಾಲ ಕೊಟ್ಟವರು ಆ ಷೇರನ್ನು ಪೇಟೆಗೆ ಚೆಲ್ಲುತ್ತಾರೆ. ಬೀಳುವ ಬೆಲೆ ಇನ್ನೂ ಬೀಳುತ್ತದೆ. ಆ ಅಂಕಿ ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಏರುತ್ತಿದ್ದರೆ ಮುಂದಿನ ಪುಟ ತಿರುಗಿಸುವ ಅಗತ್ಯವಿಲ್ಲ.

ಸಾರ್ವಜನಿಕ ವಿತರಣೆಯ ಎನ್‌ಸಿಡಿ

ಷೇರಿಗೆ ಪರಿವರ್ತನೆಯಾಗದ ಡಿಬೆಂಚರನ್ನು ಎಲ್ಲರೂ ಎನ್‌ಸಿಡಿ ಎನ್ನುತ್ತಾರೆ. ಮುಖಬೆಲೆ ₹1,000, ಕನಿಷ್ಠ ಹತ್ತು ಪತ್ರ, ಅಂದರೆ ₹10,000. ಅವಧಿ ಸಾಮಾನ್ಯವಾಗಿ 24, 36, 60 ತಿಂಗಳು.

ಷೇರಿಗೂ ಸಾಲಪತ್ರಕ್ಕೂ ಇರುವ ಅಂತರ 2023ರ ಜನವರಿ ಕೊನೆಯಲ್ಲಿ ಎಲ್ಲರಿಗೂ ಕಂಡಿತು. ಜನವರಿ 24ರಂದು ಅದಾನಿ ಸಮೂಹ ಷೇರುಬೆಲೆ, ಲೆಕ್ಕಪತ್ರದಲ್ಲಿ ಅಕ್ರಮ ನಡೆಸಿದೆ ಎಂದು ಆರೋಪಿಸುವ, ಅಮೆರಿಕದ ಹಿಂಡನ್‌ಬರ್ಗ್ ಸಂಸ್ಥೆಯ ವರದಿ ಬಂತು, ಸಮೂಹ ಆರೋಪಗಳನ್ನು ಅಲ್ಲಗಳೆಯಿತು. ಆದರೂ ಅದಾನಿ ಎಂಟರ್‌ಪ್ರೈಸಸ್ ಷೇರು ಹತ್ತೇ ದಿನದೊಳಗೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ₹20,000 ಕೋಟಿಯ ಷೇರು ಮಾರಾಟವನ್ನು ಕಂಪನಿ ಫೆಬ್ರುವರಿ 1ರಂದು ಹಿಂತೆಗೆದುಕೊಂಡಿತು. ಸಮೂಹದ ಡಾಲರ್ ಬಾಂಡುಗಳ ಪೇಟೆ ಬೆಲೆಯೂ ಬಿತ್ತು. ಆದರೆ ಹಿಡಿದು ಕೂತವರಿಗೆ ಬಡ್ಡಿ ಕಂತು ಬಂತು. 2024ರ ಸೆಪ್ಟೆಂಬರ್‌ನಲ್ಲಿ ಇದೇ ಅದಾನಿ ಎಂಟರ್‌ಪ್ರೈಸಸ್ ₹800 ಕೋಟಿಯ ಎನ್‌ಸಿಡಿಯನ್ನು ಜನಸಾಮಾನ್ಯರಿಗೆ ಶೇ 9.25ರಿಂದ 9.90ರ ಬಡ್ಡಿಗೆ ಕೊಟ್ಟಿತು. ಆಗ ರೇಟಿಂಗ್ ಎ ಪ್ಲಸ್. 2025ರ ಜುಲೈನಲ್ಲಿ ₹1,000 ಕೋಟಿಗೆ ಮತ್ತೆ ಬಂದಾಗ ರೇಟಿಂಗ್ ಎಎ ಮೈನಸ್, ಬಡ್ಡಿ ಶೇ 9.30ರವರೆಗೆ. ರೇಟಿಂಗ್ ಮೇಲೆ ಹೋದಂತೆ ಬಡ್ಡಿ ಇಳಿಯಿತು ನೋಡಿ. ಪಕ್ಕದಲ್ಲಿ ರಿಲಯನ್ಸಿನ 7.79 ಇಟ್ಟು ನೋಡಿದರೆ, ಆ ಹೆಚ್ಚಿನ ಒಂದೂವರೆ-ಎರಡು ಪರ್ಸೆಂಟ್ ಏತಕ್ಕೆ ಕೊಡುವ ಕೂಲಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮಾತೃ ಕಂಪನಿಯ ಎನ್‌ಸಿಡಿಯಲ್ಲಿ ಗಮನಿಸಲೇಬೇಕಾದದ್ದು ಹಳ್ಳದ ನೀರಿನ ಲೆಕ್ಕ. ಮೇಲಿನ ತೋಟದವರು ತಮ್ಮ ಪಾಲು ತಿರುಗಿಸಿಕೊಂಡ ಮೇಲೆ ಉಳಿದದ್ದು ಕೆಳಗಿನವರಿಗೆ. ವಿದ್ಯುತ್, ಬಂದರು, ಸಿಮೆಂಟ್ ಹೀಗೆ ದುಡ್ಡು ಹುಟ್ಟುವ ಜಾಗ ಅಂಗಸಂಸ್ಥೆಗಳು. ಅವಕ್ಕೆ ಸಾಲ ಕೊಟ್ಟ ಬ್ಯಾಂಕುಗಳು ಅಲ್ಲೇ ಮೊದಲು ಕುಡಿಯುತ್ತವೆ. ಮಾತೃ ಕಂಪನಿಗೆ ಸಾಲ ಕೊಟ್ಟ ನೀವು ಹಳ್ಳದ ಕೆಳಗಿನವರು. ಆದ್ದರಿಂದ ಬಾಂಡಿಗೆ ದುಡ್ಡು ಹಾಕುವವರು ಇಡೀ ಸಮೂಹದ ಕ್ರೋಡೀಕೃತ ಲೆಕ್ಕದಷ್ಟೇ, ಅದಕ್ಕಿಂತ ಹೆಚ್ಚಾಗಿಯೇ, ರುಜು ಹಾಕಿದ ಕಂಪನಿಯ ಬಿಡಿ ಲೆಕ್ಕ ನೋಡಬೇಕು. ಷೇರಿನವರಿಗೆ ಕ್ರೋಡೀಕೃತ ಲೆಕ್ಕ ಮುಖ್ಯ.

ಬಿಡಿ ಲೆಕ್ಕದಲ್ಲಿ ಒಂದೇ ಭಾಗಾಕಾರ ಸಾಕು: ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭವನ್ನು ವರ್ಷದ ಬಡ್ಡಿ ವೆಚ್ಚದಿಂದ ಭಾಗಿಸಿ. ಮೂರಕ್ಕಿಂತ ಮೇಲಿದ್ದರೆ ನಿರಾಳ. ಒಂದೂವರೆಗಿಂತ ಕೆಳಗೆ ಬಂದರೆ ಬಡ್ಡಿ ಎಷ್ಟೇ ಇರಲಿ, ಬಿಟ್ಟುಬಿಡಿ. ಫೈನಾನ್ಸ್ ಕಂಪನಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಕೊಟ್ಟ ಸಾಲಕ್ಕೆ ಎದುರಾಗಿ ಕಂಪನಿ ಇಟ್ಟುಕೊಂಡ ಬಂಡವಾಳದ ಅನುಪಾತ ರಿಸರ್ವ್ ಬ್ಯಾಂಕ್ ಕೇಳುವ ಶೇ 15ಕ್ಕಿಂತ ಎಷ್ಟು ಮೇಲಿದೆ, ವಸೂಲಾಗದ ಸಾಲ ಎಷ್ಟು ಅನ್ನುವುದನ್ನು ನೋಡಿ.

'ಸುರಕ್ಷಿತ' ಅನ್ನುವ ಪದಕ್ಕೆ ಕಾನೂನಿನಲ್ಲಿ ಇರುವ ಅರ್ಥ ಒತ್ತೆ ಇಟ್ಟಿದೆ ಎಂದಷ್ಟೇ. ಏನನ್ನು ಒತ್ತೆ ಇಟ್ಟಿದ್ದಾರೆ ಎಂದು ವಿವರಣಾ ಪತ್ರದಲ್ಲಿ ಓದಿ. ಕಾರ್ಖಾನೆ, ಜಮೀನು ಇರಬಹುದು. ಅಂಗಸಂಸ್ಥೆಗೆ ತಾನೇ ಕೊಟ್ಟ ಸಾಲದ ಬಾಕಿಯೂ ಒತ್ತೆಯಾಗಿರಬಹುದು. ಮೊದಲನೆಯದನ್ನು ಹರಾಜು ಹಾಕಬಹುದು. ಎರಡನೆಯದು ಆ ಅಂಗಸಂಸ್ಥೆ ಬದುಕಿದ್ದರಷ್ಟೇ ದುಡ್ಡು. ಕಂಪನಿಯನ್ನು ಮುಚ್ಚಿ ಹಂಚುವಾಗ ಮೊದಲು ಪ್ರಕ್ರಿಯೆಯ ಖರ್ಚು, ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಒತ್ತೆಯ ಮೇಲೆ ಸಾಲ ಕೊಟ್ಟವರು ಸಮಸಮ, ಆಮೇಲೆ ಇತರ ನೌಕರರ ಬಾಕಿ, ಆಮೇಲೆ ಒತ್ತೆಯಿಲ್ಲದ ಸಾಲ, ಅದರ ಹಿಂದೆ ಸರ್ಕಾರದ ಬಾಕಿ. ಷೇರುದಾರರು ಎಲ್ಲರಿಗಿಂತ ಕೊನೆ.

ಬಡ್ಡಿ ಬರುವ ಕ್ರಮ ಆರಿಸುವಲ್ಲಿ ತೋಟದವರು ಸಾಮಾನ್ಯವಾಗಿ ತಪ್ಪುತ್ತಾರೆ. ಒಂದೇ ಪತ್ರದಲ್ಲಿ ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ, ಕೊನೆಗೆ ಒಟ್ಟಿಗೆ ಎಂದು ಬೇರೆ ಬೇರೆ ಸರಣಿ ಇರುತ್ತವೆ. ವರ್ಷಕ್ಕೊಮ್ಮೆ ಕೊಡುವ ಶೇ 9.90 ಮತ್ತು ಮೂರು ತಿಂಗಳಿಗೊಮ್ಮೆ ಕೊಡುವ ಶೇ 9.56 ಎರಡೂ ಒಂದೇ ಆದಾಯ. ಮೊದಲನೆಯದು ದೊಡ್ಡದೆಂದು ಆರಿಸಬೇಕಾಗಿಲ್ಲ. ನೋಡಬೇಕಾದ್ದು ತಿಂಗಳು. ಸೆಪ್ಟೆಂಬರ್‌ನಲ್ಲಿ ಹಂಚಿಕೆಯಾದ ಪತ್ರದ ವಾರ್ಷಿಕ ಬಡ್ಡಿ ಪ್ರತಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ, ಗೊಬ್ಬರಕ್ಕೂ ಕೊಯ್ಲಿನ ಮುಂಗಡಕ್ಕೂ ಸರಿಯಾಗಿ. ಜನವರಿಯಲ್ಲಿ ಹಂಚಿಕೆಯಾದರೆ ಬಡ್ಡಿಯೂ ಜನವರಿಯಲ್ಲೇ, ಹೇಗೂ ಅಡಿಕೆ ದುಡ್ಡು ಬರುವ ಹೊತ್ತಿಗೆ. ಅಂಥ ಪತ್ರಕ್ಕೆ ಮೂರು ತಿಂಗಳ ಸರಣಿ ಮೇಲು. ಜುಲೈ ಕಂತು ಮೈಲುತುತ್ತಕ್ಕೆ ಆಗುತ್ತದೆ.

ಸಮೂಹದ ಫೈನಾನ್ಸ್ ಕಂಪನಿಯ ಎನ್‌ಸಿಡಿ ಇದಕ್ಕಿಂತ ತಣ್ಣಗಿನ ಆಯ್ಕೆ. 2023ರ ಸೆಪ್ಟೆಂಬರ್ ಕೊನೆಗೆ ಆದಿತ್ಯ ಬಿರ್ಲಾ ಫೈನಾನ್ಸ್ ಎಎಎ ರೇಟಿಂಗಿನ ಪತ್ರವನ್ನು ಶೇ 8.10ರವರೆಗಿನ ಬಡ್ಡಿಗೆ ಕೊಟ್ಟಿತ್ತು. 2025ರ ಏಪ್ರಿಲ್ 1ರಿಂದ ಆ ಕಂಪನಿ ಆದಿತ್ಯ ಬಿರ್ಲಾ ಕ್ಯಾಪಿಟಲ್‌ನಲ್ಲಿ ವಿಲೀನವಾಗಿ, ಪತ್ರದ ಹೊಣೆ ಅಲ್ಲಿಗೆ ಹೋಯಿತು. ಐದು ವರ್ಷದಲ್ಲಿ ಸಾಲ ಪಡೆದ ಕಂಪನಿಯೇ ಬದಲಾಗಬಹುದು ಅನ್ನುವುದಕ್ಕೆ ಇದು ಸಾಕ್ಷಿ. ಈ ಸಲ ಕೆಡುಕಾಗಲಿಲ್ಲ, ಆದರೆ ವಿಲೀನದ ಸೂಚನೆ ಬಂದಾಗ ರೇಟಿಂಗ್ ಏನಾಯಿತೆಂದು ನೋಡುವ ಅಭ್ಯಾಸ ಇರಲಿ.

ಪೇಟೆಯಲ್ಲಿ ಹಳೆಯ ಪತ್ರ ಕೊಳ್ಳುವುದು, ಮಾರುವುದು

ಹೊಸ ವಿತರಣೆ ಇಲ್ಲದಾಗ ಎಕ್ಸ್‌ಚೇಂಜ್‌ನಲ್ಲಿ ಇರುವ ಹಳೆಯ ಪತ್ರ ಕೊಳ್ಳಬಹುದು, ಷೇರಿನ ಹಾಗೆಯೇ. ಇಲ್ಲಿ ಕಾಣುವ ಬೆಲೆಯೊಳಗೆ ಕೂಡಿಬಂದ ಬಡ್ಡಿಯೂ ಸೇರಿರುತ್ತದೆ. ಶೇ 9.5ರ ವಾರ್ಷಿಕ ಬಡ್ಡಿಯ ಪತ್ರಕ್ಕೆ ಆರು ತಿಂಗಳು ಕಳೆದಿದ್ದರೆ ₹47.50 ಕೂಡಿರುತ್ತದೆ. ಪರದೆಯ ಮೇಲೆ ₹1,030 ಕಂಡರೆ ಪತ್ರದ ನಿಜ ಬೆಲೆ ₹982.50, ಅಂದರೆ ಮುಖಬೆಲೆಗಿಂತ ಕಡಿಮೆಗೇ ಸಿಗುತ್ತಿದೆ. ಬಡ್ಡಿಗೆ ಹದಿನೈದು ದಿನ ಮುಂಚಿನ ದಾಖಲೆ ದಿನಾಂಕ (ಅಂದು ಪತ್ರ ಯಾರ ಹೆಸರಲ್ಲಿದೆಯೋ ಬಡ್ಡಿ ಅವರಿಗೆ) ಕಳೆದ ಮೇಲೆ ಬೆಲೆ ದಿಢೀರನೆ ಇಳಿಯುವುದೂ ಇದೇ ಕಾರಣಕ್ಕೆ. ಇನ್ನೊಂದು ಕಿರಿಕಿರಿ: ನೀವು ಹಿಡಿದದ್ದು ಆರು ತಿಂಗಳಾದರೂ ಮೂಲದಲ್ಲೇ ತೆರಿಗೆ ಕಡಿತ ಇಡೀ ವರ್ಷದ ಬಡ್ಡಿಯ ಮೇಲೆ ಆಗುತ್ತದೆ.

ಮಾರುವುದು ಕಷ್ಟ. ಪರದೆಯ ಮೇಲೆ ಕೊನೆಯ ವಹಿವಾಟು ₹1,005 ಎಂದಿರುತ್ತದೆ. ಕೊಳ್ಳುವವರ ಸಾಲು ತೆರೆದರೆ ₹970ಕ್ಕೆ 12 ಪತ್ರ, ಅದರ ಕೆಳಗೆ ₹951ಕ್ಕೆ 5. ನಿಮ್ಮ ಹತ್ತಿರ ಇರುವುದು 200. ಅವಸರಕ್ಕೆ ಮಾರಿದರೆ ಒಂದು ವರ್ಷದ ಬಡ್ಡಿಯ ಅರ್ಧ ಹೋಯಿತೆಂದೇ ಲೆಕ್ಕ. ದಿನಕ್ಕೆ ಇಪ್ಪತ್ತು-ಮೂವತ್ತರಂತೆ, ಇಷ್ಟಕ್ಕಿಂತ ಕಡಿಮೆಗಿಲ್ಲ ಎಂಬ ಮಿತಿ ಬೆಲೆ ಹಾಕಿ ಮಾರಬೇಕು. ಪೇಟೆಯ ಬಡ್ಡಿ ಏರಿದಾಗಲೂ ಬೆಲೆ ಇಳಿಯುತ್ತದೆ: ಶೇ 9ರ ಪತ್ರ ಇರುವಾಗ ಪೇಟೆ ದರ ಶೇ 10 ಆದರೆ, ಐದು ವರ್ಷ ಬಾಕಿ ಇರುವ ಪತ್ರ ₹962ಕ್ಕೆ, ಹತ್ತು ವರ್ಷದ್ದು ₹939ಕ್ಕೆ ಬಂದು ನಿಲ್ಲುತ್ತದೆ. ಅವಧಿ ಮುಗಿಯುವವರೆಗೆ ಹಿಡಿಯುವವರಿಗೆ ಇದರಿಂದ ತೊಂದರೆಯಿಲ್ಲ.

ಷೇರುಪೇಟೆಯ ನಿಯಂತ್ರಕ ಸೆಬಿಯ ನೋಂದಣಿ ಇರುವ ಆನ್‌ಲೈನ್ ಬಾಂಡ್ ವೇದಿಕೆಗಳಲ್ಲಿ ಖಾಸಗಿ ಹಂಚಿಕೆಯ ಪತ್ರಗಳೂ ಸಿಗುತ್ತವೆ. ಅವುಗಳ ಮುಖಬೆಲೆ ಮೊದಲು ₹10 ಲಕ್ಷ ಇತ್ತು, 2023ರಲ್ಲಿ ₹1 ಲಕ್ಷವಾಯಿತು, 2024ರಲ್ಲಿ ₹10,000ಕ್ಕೂ ದಾರಿಯಾಯಿತು. ಅಲ್ಲಿ ಶೇ 11, 12 ಎಂದು ಹೊಳೆಯುವವು ಬಹುಪಾಲು ಸಣ್ಣ ಫೈನಾನ್ಸ್ ಕಂಪನಿಗಳವು, ದೊಡ್ಡ ಸಮೂಹಗಳವಲ್ಲ. 'ಶಾಶ್ವತ' (ಪರ್ಪೆಚುಯಲ್) ಅನ್ನುವ ಪದವಿರುವ, ಅಸಲು ವಾಪಸಿಗೆ ದಿನಾಂಕವೇ ಇಲ್ಲದ ಬಾಂಡ್‌ಗೆ ಕೈ ಹಾಕಬೇಡಿ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ₹8,415 ಕೋಟಿಯ ಅಂಥ ಬಾಂಡುಗಳನ್ನು ಒಂದೇ ಆದೇಶದಲ್ಲಿ ವಜಾ ಮಾಡಲಾಯಿತು.

ಠೇವಣಿ ಮತ್ತು ಫಂಡ್

ಸಮೂಹದ ಫೈನಾನ್ಸ್ ಕಂಪನಿಯ ಠೇವಣಿಗೆ ಡಿಮ್ಯಾಟ್ ಬೇಡ, ತಿಳಿಯುವುದೂ ಸುಲಭ. ಆದರೆ ಅದಕ್ಕೆ ಒತ್ತೆ ಇಲ್ಲ, ವಿಮೆಯೂ ಇಲ್ಲ. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕ್ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ₹5 ಲಕ್ಷದವರೆಗೆ ವಿಮೆ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸೊಸೈಟಿ, ಸೌಹಾರ್ದಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ನಮ್ಮ ಕಡೆ ಎರಡನ್ನೂ 'ಸೊಸೈಟಿ ಬ್ಯಾಂಕ್' ಎಂದೇ ಕರೆಯುವುದರಿಂದ ಈ ವ್ಯತ್ಯಾಸ ಮರೆತುಹೋಗುತ್ತದೆ.

ಬ್ಯಾಂಕ್ ಠೇವಣಿಯ ಇನ್ನೊಂದು ಬಲ, ಅದರ ಮೇಲೆ ಸಾಮಾನ್ಯವಾಗಿ ಶೇ 90ರವರೆಗೆ ಅಂದೇ ಸಾಲ ಸಿಗುತ್ತದೆ. ಷೇರಿನ ಮೇಲಾದರೆ ಅರ್ಧದಷ್ಟು. ಎನ್‌ಸಿಡಿ ಮೇಲೆ ಊರಿನ ಶಾಖೆಯಲ್ಲಿ ಸಾಲ ಕೇಳಿದರೆ ಮ್ಯಾನೇಜರ್ ಮುಖ ನೋಡುತ್ತಾರೆ.

ಹಲವರ ದುಡ್ಡು ಕೂಡಿಸಿ ಹಲವು ಕಂಪನಿಗಳ ಪತ್ರ ಕೊಳ್ಳುವ ಕಾರ್ಪೊರೇಟ್ ಬಾಂಡ್ ಫಂಡ್‌ಗಳು ಶೇ 80ನ್ನಾದರೂ ಎಎ ಪ್ಲಸ್ ಮತ್ತು ಮೇಲಿನ ಪತ್ರಗಳಲ್ಲೇ ಇಡಬೇಕು. ಒಂದು ಕಂಪನಿ ಬಿದ್ದರೂ ಪೂರ್ತಿ ಹೋಗುವುದಿಲ್ಲ, ಬೇಕಾದಾಗ ತೆಗೆಯಬಹುದು. ಪತ್ರ, ರೇಟಿಂಗ್ ಓದುವ ವ್ಯವಧಾನ ಇಲ್ಲದವರಿಗೆ ಇದೇ ಸರಿ.

ತೆರಿಗೆ: ತೋಟದವರ ಲೆಕ್ಕ ಬೇರೆ

2025-26ರ ದರದಲ್ಲಿ ಹೇಳುವುದಾದರೆ: ಬಡ್ಡಿ, ಲಾಭಾಂಶ ಎರಡೂ ಆದಾಯಕ್ಕೆ ಸೇರಿ ನಿಮ್ಮ ಹಂತದ ದರಕ್ಕೆ ಒಳಪಡುತ್ತವೆ, ಒಂದು ಕಂಪನಿಯಿಂದ ವರ್ಷಕ್ಕೆ ₹10,000 ಮೀರಿದರೆ ಶೇ 10 ಮೂಲದಲ್ಲೇ ಕಡಿತ. ವರ್ಷ ಕಳೆದು ಮಾರಿದ ಷೇರಿನ ಲಾಭಕ್ಕೆ ₹1.25 ಲಕ್ಷ ಬಿಟ್ಟು ಶೇ 12.5, ವರ್ಷದೊಳಗೆ ಮಾರಿದರೆ ಶೇ 20. ಎಕ್ಸ್‌ಚೇಂಜ್‌ನಲ್ಲಿರುವ ಬಾಂಡನ್ನು ವರ್ಷದ ನಂತರ ಲಾಭಕ್ಕೆ ಮಾರಿದರೂ ಶೇ 12.5, ಆದರೆ ಆ ₹1.25 ಲಕ್ಷದ ವಿನಾಯಿತಿ ಇಲ್ಲ. 2023ರ ಏಪ್ರಿಲ್‌ನಿಂದ ಈಚೆಗೆ ಕೊಂಡ ಸಾಲಪತ್ರ ಫಂಡ್‌ಗಳ ಲಾಭ ಎಷ್ಟು ವರ್ಷ ಹಿಡಿದರೂ ಹಂತದ ದರಕ್ಕೇ.

ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ. ಆದರೆ ಬೇರೆ ಆದಾಯ ತೆರಿಗೆರಹಿತ ಮಿತಿ ದಾಟಿದ ಕೂಡಲೇ, ದರ ನಿಗದಿಗಾಗಿ ಅಡಿಕೆ ಆದಾಯವನ್ನೂ ಅದರ ಕೆಳಗೆ ಪೇರಿಸುತ್ತಾರೆ. ಹೊಸ ಪದ್ಧತಿಯಲ್ಲಿ ಆ ಮಿತಿ ₹4 ಲಕ್ಷ. ಒಬ್ಬರ ಹೆಸರಿನಲ್ಲಿ ₹10 ಲಕ್ಷದ ಪತ್ರಕ್ಕೆ ₹95,000 ಬಡ್ಡಿ ಬಂದರೆ ಇದರ ಗೊಡವೆಯೇ ಇಲ್ಲ. ಕಡಿತವಾದ ₹9,500 ರಿಟರ್ನ್ ಹಾಕಿದರೆ ವಾಪಸ್. ₹12 ಲಕ್ಷದವರೆಗೆ ಆದಾಯವಿರುವ ವ್ಯಕ್ತಿಗೆ ಬಡ್ಡಿಯ ಮೇಲಿನ ತೆರಿಗೆಗೆ ರಿಯಾಯಿತಿಯೂ ಇದೆ.

ಸಿಕ್ಕಿಕೊಳ್ಳುವವರು ಅವಿಭಕ್ತ ಕುಟುಂಬದ ಪ್ಯಾನ್‌ನಲ್ಲಿ ಹಾಕುವವರು. ಆ ರಿಯಾಯಿತಿ ವ್ಯಕ್ತಿಗಳಿಗೆ ಮಾತ್ರ, ಕುಟುಂಬಕ್ಕಿಲ್ಲ. ಕುಟುಂಬದ ಬಡ್ಡಿ ₹5 ಲಕ್ಷ, ಅಡಿಕೆ ₹8 ಲಕ್ಷ ಅನ್ನಿ. ಒಟ್ಟು 13 ಲಕ್ಷಕ್ಕೆ ತೆರಿಗೆ ₹75,000. ಅಡಿಕೆಯ 8 ಮತ್ತು ಮಿತಿಯ 4 ಸೇರಿ 12 ಲಕ್ಷಕ್ಕೆ ₹60,000. ವ್ಯತ್ಯಾಸ ₹15,000, ಸೆಸ್ ಸೇರಿ ₹15,600 ಕಟ್ಟಬೇಕು. ಅಷ್ಟೇ ಬಡ್ಡಿ, ಅಷ್ಟೇ ಅಡಿಕೆ ಒಬ್ಬ ವ್ಯಕ್ತಿಯದಾಗಿದ್ದರೆ ಕಟ್ಟುವುದು ಏನೂ ಇಲ್ಲ. ಹಾಗೆಂದು ಕುಟುಂಬದ ದುಡ್ಡನ್ನು ಮಗನ ಖಾತೆಗೆ ಹಾಕಿ ಪತ್ರ ಕೊಳ್ಳಲು ಹೋಗಬೇಡಿ. ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಯಾರಿಗೆ ಯಾವುದು

ಎರಡು-ಮೂರು ಎಕರೆ ತೋಟ, ಬೇರೆ ಸಂಬಳವಿಲ್ಲ, ವರ್ಷಕ್ಕೆ ₹2-3 ಲಕ್ಷ ಉಳಿಕೆ: ಬ್ಯಾಂಕ್ ಠೇವಣಿಯೇ ಮುಖ್ಯ. ಒಂದು ವರ್ಷದ ತೋಟದ ಖರ್ಚು ಅಲ್ಲಿ ಕೂತ ಮೇಲೆ, ಉಳಿದದ್ದರಲ್ಲಿ ₹50,000 ಅಥವಾ ₹1 ಲಕ್ಷ ಎಎಎ ಫೈನಾನ್ಸ್ ಎನ್‌ಸಿಡಿಗೆ, ಮೂರು ವರ್ಷಕ್ಕೆ. ಷೇರು ಬೇಡ. ಮಧ್ಯೆ ದುಡ್ಡು ಬೇಕಾದರೆ ಪತ್ರ ಮುರಿಯುವ ಬದಲು, ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ ₹5 ಲಕ್ಷದವರೆಗಿನ ಬಡ್ಡಿರಹಿತ ಬೆಳೆಸಾಲದ ಅರ್ಹತೆ ಇದೆಯಾ ನೋಡಿ. ಗಡುವಿನೊಳಗೆ ತೀರಿಸಿದರಷ್ಟೇ ಅದು ಬಡ್ಡಿರಹಿತ.

ತೋಟವೂ ಇದೆ, ಮಗನೋ ಮಗಳೋ ಬೆಂಗಳೂರಲ್ಲಿ ಸಂಬಳದಲ್ಲಿದ್ದಾರೆ, ₹10 ಲಕ್ಷ ಕೈಯಲ್ಲಿದೆ: ಠೇವಣಿಗೆ 4, ಎಎಎ ಎನ್‌ಸಿಡಿಗೆ 3, ಎಎ ಮೈನಸ್ ಅಥವಾ ಎ ಪ್ಲಸ್ ಮಾತೃ ಕಂಪನಿ ಪತ್ರಕ್ಕೆ ಹೆಚ್ಚೆಂದರೆ 1, ಷೇರಿಗೆ 2. ಪತ್ರವೂ ಷೇರೂ ಒಂದೇ ಸಮೂಹದ್ದಾಗದಿರಲಿ. ಕೆಟ್ಟ ಸುದ್ದಿ ಬಂದ ದಿನ ಎರಡೂ ಒಟ್ಟಿಗೇ ಬೀಳುತ್ತವೆ.

ನಿವೃತ್ತಿಯ ದುಡ್ಡು ₹25 ಲಕ್ಷ ಹಿಡಿದಿರುವ ಮೇಷ್ಟ್ರು, ಬ್ಯಾಂಕಿನವರು: ಬ್ಯಾಂಕ್ ಬಿಟ್ಟು ಯಾವುದೇ ಒಂದು ಕಂಪನಿಗೆ ₹2.5 ಲಕ್ಷ ದಾಟಬೇಡಿ. ಎರಡು, ಮೂರು, ಐದು ವರ್ಷದ ಪತ್ರಗಳನ್ನು ಮೆಟ್ಟಿಲಿನಂತೆ ಇಟ್ಟರೆ ಒಂದೆರಡು ವರ್ಷಕ್ಕೊಮ್ಮೆ ಒಂದಷ್ಟು ಅಸಲು ಕೈಗೆ ಬರುತ್ತದೆ, ಆಗಿನ ದರಕ್ಕೆ ಮತ್ತೆ ಹಾಕಬಹುದು.

ತೋಟವಿಲ್ಲದ, ಮೂವತ್ತರ ಒಳಗಿನ ಸಂಬಳದಾರರಿಗೆ ಎನ್‌ಸಿಡಿಯ ಆಕರ್ಷಣೆಯೇ ಬೇಡ. ಷೇರು ಅಥವಾ ಷೇರು ಫಂಡ್‌ಗೆ ತಿಂಗಳು ತಿಂಗಳು ಹಾಕಿ.

ಅರ್ಜಿ ಹಾಕುವಾಗ

ಎನ್‌ಸಿಡಿಗೆ ಡಿಮ್ಯಾಟ್ ಖಾತೆ ಬೇಕು. ಒಬ್ಬರ ಹೆಸರಿನಲ್ಲಿ ಒಂದೇ ಖಾತೆ ಇದ್ದು, ಒಳಗಿರುವುದು ₹4 ಲಕ್ಷದೊಳಗಿದ್ದರೆ ಮೂಲ ಸೇವೆಯ ಖಾತೆಗೆ ವಾರ್ಷಿಕ ಶುಲ್ಕವಿಲ್ಲ. ₹10 ಲಕ್ಷದವರೆಗೆ ವರ್ಷಕ್ಕೆ ₹100. ಬ್ರೋಕರ್ ತಾನಾಗಿ ಹೇಳದಿದ್ದರೆ ಕೇಳಿ ಪಡೆಯಿರಿ.

₹5 ಲಕ್ಷದವರೆಗಿನ ಅರ್ಜಿ ಯುಪಿಐನಲ್ಲಿ ಆಗುತ್ತದೆ. ಅದಕ್ಕಿಂತ ಹೆಚ್ಚಿನದಕ್ಕೆ ಬ್ಯಾಂಕ್ ಮೂಲಕ ಖಾತೆಯಲ್ಲೇ ಹಣ ತಡೆಹಿಡಿಯುವ ಅರ್ಜಿ. ಹಂಚಿಕೆ ದಿನದ ಸರದಿಯಲ್ಲಿ. ಭರ್ತಿಯಾದ ದಿನ ಬಂದ ಅರ್ಜಿಗಳಿಗೆ ಅನುಪಾತದಲ್ಲಿ, ಮಾರನೇ ದಿನದವರಿಗೆ ಇಲ್ಲ. ಮೊದಲ ದಿನವೇ ಹಾಕಿ. ಆ್ಯಪ್‌ನಲ್ಲಿ ಅರ್ಜಿ ಒತ್ತಿ ಸುಮ್ಮನಾದರೆ ಸಾಲದು. ಯುಪಿಐಗೆ ಬರುವ ಒಪ್ಪಿಗೆಯ ಕೋರಿಕೆಗೆ ಪಿನ್ ಹಾಕಬೇಕು. ನೆಟ್‌ವರ್ಕ್ ಸಿಗದ ಮನೆಗಳವರು ಪೇಟೆಗೆ ಬಂದ ದಿನವೇ ಎರಡನ್ನೂ ಮುಗಿಸಿಕೊಳ್ಳಿ.

ನಾಮಿನಿ ಹೆಸರು, ಆಧಾರ್‌ನಲ್ಲಿರುವಂತೆಯೇ. ಕೊನೆಯದಾಗಿ, ಡಿಮ್ಯಾಟಿಗೆ ಜೋಡಿಸಿದ ಬ್ಯಾಂಕ್ ಖಾತೆ ನೋಡಿ. ಬಡ್ಡಿ, ಲಾಭಾಂಶ, ಅಸಲು ಎಲ್ಲ ಬರುವುದು ಅಲ್ಲಿಗೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಡಿಮ್ಯಾಟ್ ಖಾತೆಯಲ್ಲಿ ಆಗಿನ ಐಎಫ್‌ಎಸ್‌ಸಿ ಸಂಕೇತವೇ ಉಳಿದಿದ್ದರೆ ಬಡ್ಡಿ ತಿರುಗಿ ಹೋಗುತ್ತದೆ. ಅದನ್ನು ಮತ್ತೆ ಪಡೆಯಲು ವಿತರಣೆಯ ರಿಜಿಸ್ಟ್ರಾರ್‌ಗೆ ರದ್ದಾದ ಚೆಕ್ಕಿನ ಪ್ರತಿ ಕಳಿಸಿ ಕಾಯಬೇಕು. ಬ್ರೋಕರ್ ಆ್ಯಪ್‌ನ ಪ್ರೊಫೈಲ್ ಪುಟದಲ್ಲಿ ಖಾತೆ ಸಂಖ್ಯೆಯ ಕೆಳಗೇ ಆ ಸಂಕೇತ ಇರುತ್ತದೆ. ಪಾಸ್‌ಬುಕ್ಕಿನ ಮೊದಲ ಪುಟ ಪಕ್ಕದಲ್ಲಿಟ್ಟುಕೊಂಡು ಹನ್ನೊಂದೂ ಅಕ್ಷರ ಹೋಲಿಸಿ ನೋಡಿ, ಆಮೇಲೆ ಅರ್ಜಿ ಒತ್ತಿ.